ಸೊನ್ನೆ ಹಾಕಿ ಬಾಯಿ ಮುಚ್ಚಿಸಬೇಡಿ

(1/3)
ಮೇನ್‌ಫ್ರೇಮ್ ಬ್ಯಾಚಿಗೆ ಬಿದ್ದಿರೋ ಕ್ಲಾಸ್‌ಮೇಟ್ಸ್, ಜೂನಿಯರ್ಸ್, ಈ ಸಲ ಸ್ವಲ್ಪ ಖಾರವಾಗೇ ಬರೀತೀನಿ.

ನಿನ್ನೆವರೆಗೂ ಚೆನ್ನಾಗಿ ಓಡ್ತಿದ್ದ ಅಸೆಂಬ್ಲರ್ ಪ್ರೋಗ್ರಾಂ ಇವತ್ತು ರಾತ್ರಿ ಎಸ್‌0ಸಿ7 ಅಂತ ಬಿದ್ದುಹೋಯ್ತು ಅಂದ್ಕೊಳ್ಳಿ. ಗ್ರೂಪಲ್ಲಿ ಮೊದಲ ಮೆಸೇಜ್: "ಏನೋ ಅನಿರೀಕ್ಷಿತ ಸಿಸ್ಟಂ ಎರರ್ ಕಣ್ರೋ." ಎರಡನೇದು: "ಆ ಫೀಲ್ಡಿಗೆ ಸೊನ್ನೆ ಹಾಕಿ ರೀರನ್ ಮಾಡು ಮಗಾ, ಹೋಗುತ್ತೆ."

ಎರರ್ ಹೋಗುತ್ತೆ, ನಿಜ. ತಪ್ಪು ಮಾತ್ರ ಅಲ್ಲೇ ಇರುತ್ತೆ.

ಇದರಲ್ಲಿ ಅನಿರೀಕ್ಷಿತ ಏನೂ ಇಲ್ಲ ರೀ. 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360ರ ಕಾಲದಿಂದಲೂ ಕೋಡ್ 7 ಅಂದ್ರೆ ಡೇಟಾ ಸರಿಯಿಲ್ಲ ಅಂತಲೇ. ಮಷೀನು ಕೆಟ್ಟಿಲ್ಲ. ಕಸ ಕೊಟ್ಟು ಕೂಡಿಸು ಅಂದ್ರಿ, ಅದು ಆಗಲ್ಲ ಅಂತು, ಅಷ್ಟೇ.

(2/3)
"ಡಂಪ್ ಓದೋಕೆ ಬರಲ್ಲ" ಅನ್ನೋ ನೆಪ ಬಿಡಿ. ಹತ್ತು ನಿಮಿಷದ ಕೆಲಸ.

ಪಿಎಸ್‌ಡಬ್ಲ್ಯೂನಲ್ಲಿ ವಿಳಾಸ 1ಎ2ಬಿ6, ಪ್ರೋಗ್ರಾಂ ಲೋಡ್ ಆಗಿರೋದು 1ಎ000ದಲ್ಲಿ ಅಂತಿಟ್ಕೊಳ್ಳಿ. ಕಳೆದ್ರೆ 2ಬಿ6. ಆದ್ರೆ ಅದು ಮುಂದಿನ ಇನ್‌ಸ್ಟ್ರಕ್ಷನ್ನಿನ ಜಾಗ. ಪಕ್ಕದಲ್ಲೇ ಐಎಲ್‌ಸಿ 6 ಅಂತಿದೆ, ಅಂದ್ರೆ ಬಿದ್ದ ಇನ್‌ಸ್ಟ್ರಕ್ಷನ್ ಆರು ಬೈಟಿಂದು. ಆರು ಹಿಂದೆ ಹೋಗಿ, 2ಬಿ0. ಲಿಸ್ಟಿಂಗ್ ತೆಗೆದು ನೋಡಿದ್ರೆ ಅಲ್ಲೊಂದು ಎಪಿ ಕೂತಿರುತ್ತೆ. ಅದರ ಬೇಸ್ ರಿಜಿಸ್ಟರಿಗೆ ಡಿಸ್‌ಪ್ಲೇಸ್‌ಮೆಂಟ್ ಕೂಡಿಸಿ, ಆ ವಿಳಾಸದಲ್ಲಿ ಏನಿದೆ ನೋಡಿ.

404040. ಮೂರು ಖಾಲಿ ಜಾಗ! ಪ್ಯಾಕ್ಡ್ ಡೆಸಿಮಲ್‌ನಲ್ಲಿ ಕೊನೆಯ ಅರ್ಧ ಬೈಟು ಚಿಹ್ನೆ. ಅದು ಎ ಇಂದ ಎಫ್ ಒಳಗಿರಬೇಕು, ಇಲ್ಲಿರೋದು 0.

ಈಗ ಕೇಳಬೇಕಾದ ಪ್ರಶ್ನೆ: ಖಾಲಿ ಜಾಗ ಎಲ್ಲಿಂದ ಬಂತು? ಫೈಲಿನ ಲೇಔಟ್ ಬದಲಾಯ್ತಾ? ಡಿಎಸ್ ಅಂತ ಬರೆದು ಬೆಲೆ ತುಂಬೋದು ಮರೆತ್ರಾ? (ಡಿಎಸ್ ಜಾಗ ಮಾತ್ರ ಕಾದಿರಿಸುತ್ತೆ, ಬೆಲೆ ಇಡೋದು ಡಿಸಿ.) ಅಥವಾ ಬೇಸ್ ರಿಜಿಸ್ಟರೇ ತಪ್ಪು ಜಾಗ ತೋರಿಸ್ತಿದೆಯಾ? ಯೂಸಿಂಗ್ ಬರೆದ ಮಾತ್ರಕ್ಕೆ ರಿಜಿಸ್ಟರ್ ತುಂಬಲ್ಲ. ಅದು ಅಸೆಂಬ್ಲರಿಗೆ ನೀವು ಕೊಡೋ ಮಾತು, ನಡೆಸಿಕೊಡಬೇಕಾದವರೂ ನೀವೇ.

ಸೊನ್ನೆ ಹಾಕಿದವರು ಈ ಪ್ರಶ್ನೆ ಕೇಳೋದೇ ಇಲ್ಲ.

(3/3)
ಯಾಕಿಷ್ಟು ಕೋಪ ಅಂತೀರಾ? ಆ ಮೂರು ಬೈಟು ಯಾರದ್ದೋ ಪಿಂಚಣಿ ಬಾಕಿ ಇರಬಹುದು, ಯಾರದ್ದೋ ಠೇವಣಿ ಬಡ್ಡಿ ಇರಬಹುದು. ಪ್ರೋಗ್ರಾಂ ಬಿದ್ದಿದ್ರೆ ಯಾರಾದ್ರೂ ಎದ್ದು ನೋಡ್ತಿದ್ರು. ನೀವು ಸೊನ್ನೆ ಹಾಕಿದ್ರಿ, ಜಾಬ್ ಹಸಿರಾಯ್ತು, ಎಲ್ರೂ ಮಲಗಿದ್ರು. ಆ ತಿಂಗಳು ಒಬ್ಬ ಅಜ್ಜಿಗೆ ದುಡ್ಡು ಬರಲ್ಲ. ಯಾಕೆ ಅಂತ ಹೇಳೋಕೆ ಒಂದು ಸಾಲು ಲಾಗ್ ಕೂಡ ಇರಲ್ಲ.

"ಡೆಡ್‌ಲೈನ್ ಇದೆ, ಒಂದು ರೆಕಾರ್ಡಿಗೋಸ್ಕರ ಇಡೀ ಬ್ಯಾಚ್ ನಿಲ್ಲಿಸೋಕಾಗುತ್ತಾ?" ನ್ಯಾಯವಾದ ಮಾತು. ನಿಲ್ಲಿಸಬೇಡಿ. ಲೆಕ್ಕಕ್ಕೆ ಮುಂಚೆ ಟಿಪಿ ಇನ್‌ಸ್ಟ್ರಕ್ಷನ್ನಿಂದ ಫೀಲ್ಡನ್ನು ಪರೀಕ್ಷಿಸಿ. ಕಂಡಿಷನ್ ಕೋಡ್ 0 ಬರದಿದ್ರೆ ಆ ರೆಕಾರ್ಡನ್ನ ಖಾತೆ ನಂಬರ್ ಸಮೇತ ಎರರ್ ಫೈಲಿಗೆ ಬರೆದು, ಉಳಿದದ್ದನ್ನ ಮುಂದಕ್ಕೆ ಬಿಡಿ. ಬೆಳಗ್ಗೆ ಆ ಫೈಲು ಒಬ್ಬರ ಟೇಬಲ್ ಮೇಲೆ ಇರಲಿ. ಇದು ತಪ್ಪನ್ನ ಪಕ್ಕಕ್ಕಿಡೋದು. ಸೊನ್ನೆ ಹಾಕೋದು ತಪ್ಪನ್ನ ಹೂಳೋದು.

ನಾಳೆ ಟೀಮಲ್ಲಿ ಯಾರಾದ್ರೂ "ಸೊನ್ನೆ ಹಾಕು" ಅಂದ್ರೆ, ಸೀನಿಯರ್ ಆದ್ರೂ ಸರಿ, "ಯಾರ ಖಾತೆ ಸರ್ ಅದು?" ಅಂತ ಮರ್ಯಾದೆಯಿಂದಲೇ ಕೇಳಿ. ಉತ್ತರ ಬರೋವರೆಗೂ ಸಬ್‌ಮಿಟ್ ಒತ್ತಬೇಡಿ.

ಸೇವ್ ಮಾಡ್ಕೊಳ್ಳಿ. ರಾತ್ರಿ ಶಿಫ್ಟಲ್ಲಿರೋ ಫ್ರೆಂಡಿಗೆ ಕಳಿಸಿ.

#ಮೇನ್‌ಫ್ರೇಮ್ #ಅಸೆಂಬ್ಲರ್ #ಎಸ್0ಸಿ7 #ಡಂಪ್‌ಓದಿ