ಬಿಡುವಿನ ವೇಳೆಯ ವ್ಯಾಯಾಮ ಗುರು

ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗನಿಗೆ ಇಪ್ಪತ್ತಾರು ವರ್ಷ. ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಐದಾರು ವರ್ಷಗಳಿಂದ ತಪ್ಪದೆ ಜಿಮ್‌ಗೆ ಹೋಗಿ ಒಳ್ಳೆಯ ಮೈಕಟ್ಟು ಬೆಳೆಸಿಕೊಂಡಿದ್ದಾನೆ. ಈಗ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬೇರೆಯವರ ಮನೆಗೆ ಹೋಗಿ ವ್ಯಾಯಾಮ ಹೇಳಿಕೊಡುವ ‘ಪರ್ಸನಲ್ ಟ್ರೈನರ್’ ಆಗುತ್ತೇನೆಂದು ಹಟ ಹಿಡಿದಿದ್ದಾನಂತೆ. ‘ಇದಕ್ಕೇನಾ ಬಿ.ಕಾಂ. ಓದಿಸಿದ್ದು ಎಂದು ಅವರಪ್ಪ ಸಿಡಿಮಿಡಿಗುಟ್ಟುತ್ತಾರೆ. ಇದು ಮರ್ಯಾದೆಯ ಕೆಲಸವೇ ಡಾಕ್ಟ್ರೇ? ಮಾಡಲು ಬಿಡಬಹುದೇ?’ ಎಂಬುದು ಅವರ ಪ್ರಶ್ನೆ.

ಮರ್ಯಾದೆಯ ಪ್ರಶ್ನೆಗೆ ಉತ್ತರ ಸುಲಭ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರನ್ನು ಆ ಮನೆಯ ಯಜಮಾನರು ಬಲ್ಲರೆಂದುಕೊಳ್ಳುತ್ತೇನೆ. ಕೈಲಾಸಂ ಅವರ ಆಪ್ತಮಿತ್ರರಾಗಿದ್ದ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಅಂಚೆಯ ಮೂಲಕ ಪಾಠ ಕಳಿಸಿ ದೂರದೂರಿನವರಿಗೂ ಅಂಗಸಾಧನೆ ಕಲಿಸಿದರು. ಮೈಸೂರಿನ ಗರಡಿಮನೆಗಳ ಉಸ್ತಾದರಿಗೆ ಊರಿನಲ್ಲಿದ್ದ ಗೌರವವನ್ನಂತೂ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೈ ಗಟ್ಟಿ ಮಾಡುವುದನ್ನು ಕಲಿಸುವ ಕೆಲಸ ನಮ್ಮ ನಾಡಿನಲ್ಲಿ ಎಂದೂ ಕೀಳಾಗಿರಲಿಲ್ಲ. ಹೆಸರು ಮಾತ್ರ ಇಂಗ್ಲಿಷಿನದಾಗಿದೆ, ಅಷ್ಟೆ.

ಅಗತ್ಯವಂತೂ ಇದ್ದೇ ಇದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದ ಏರೊತ್ತಡ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ತರಗತಿಯ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೊಮ್ಮೆ ಹೇಳಿತು. ವೈದ್ಯರಾದ ನಾವು ಮಾಡುವುದೇನು? ಚೀಟಿಯ ಕೆಳಗೆ ‘ದಿನವೂ ವ್ಯಾಯಾಮ ಮಾಡಿ’ ಎಂದು ಒಂದು ಸಾಲು ಗೀಚಿ ಮುಂದಿನ ರೋಗಿಯನ್ನು ಕರೆಯುತ್ತೇವೆ. ಯಾವ ವ್ಯಾಯಾಮ, ಎಷ್ಟು ಹೊತ್ತು, ಮಂಡಿ ನೋಯುವವರು ಹೇಗೆ ಮಾಡಬೇಕು ಎಂದು ಪಕ್ಕದಲ್ಲಿ ನಿಂತು ತೋರಿಸಲು ನಮಗೆ ಪುರುಸೊತ್ತಿಲ್ಲ. ಆ ಜಾಗದಲ್ಲಿ ನಿಲ್ಲಬಲ್ಲ ಹುಡುಗ ಹುಡುಗಿಯರು ಬೇಕು.

ಆದ್ದರಿಂದ ಬಿಡಿ, ಆದರೆ ನಾಳೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಈ ಹುಡುಗನಿಗೆ ಚೆನ್ನಾಗಿ ಗೊತ್ತಿರುವುದು ಒಂದೇ ಒಂದು ಶರೀರ, ಅವನದೇ. ಅದಕ್ಕೆ ಇಪ್ಪತ್ತಾರು ವರ್ಷ, ಕಾಯಿಲೆ ಕಸಾಲೆ ಇಲ್ಲ, ಒಂದು ದಿನ ಅತಿಯಾಗಿ ದುಡಿಸಿದರೂ ನಾಳೆಗೆ ಸರಿಹೋಗುತ್ತದೆ. ಮನೆಗೆ ಟ್ರೈನರ್‌ನನ್ನು ಕರೆಸಿ ತಿಂಗಳು ತಿಂಗಳು ಹಣ ಕೊಡುವವರಲ್ಲಿ ಇಪ್ಪತ್ತಾರರ ಪೈಲ್ವಾನರು ಕಡಿಮೆ. ನಲವತ್ತೈದು ದಾಟಿ ಹೊಟ್ಟೆ ಬಂದವರು, ಎರಡು ಹೆರಿಗೆಯ ನಂತರ ಬೆನ್ನುನೋವು ಬಂದವರು, ನಿವೃತ್ತಿಯಾಗಿ ಬಿ.ಪಿ. ಮಾತ್ರೆ ನುಂಗುತ್ತಿರುವವರು, ಅವರೇ ಹೆಚ್ಚು. ತನಗೆ ಒಗ್ಗಿದ ವ್ಯಾಯಾಮವನ್ನೇ ಇವರಿಗೂ ಹೇಳಿಕೊಟ್ಟರೆ ಏನಾದೀತು?

ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ. ನನ್ನಲ್ಲಿಗೆ ಬರುವ ಬ್ಯಾಂಕ್ ಉದ್ಯೋಗಿಯೊಬ್ಬರಿಗೆ ಐವತ್ತೆರಡು ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಪಕ್ಕದ ಬೀದಿಯ ಯುವಕನೊಬ್ಬನನ್ನು ಗೊತ್ತುಮಾಡಿಕೊಂಡರು. ‘ಖಾಲಿ ಹೊಟ್ಟೆಯಲ್ಲಿ ಮಾಡಿದರೆ ಕೊಬ್ಬು ಬೇಗ ಕರಗುತ್ತದೆ ಸಾರ್’ ಎಂದ ಅವನ ಮಾತು ನಂಬಿ, ಮಾತ್ರೆ ನುಂಗಿ, ತಿಂಡಿ ಬಿಟ್ಟು ನಲವತ್ತು ನಿಮಿಷ ಬೆವರು ಹರಿಸಿದರು. ಕೈ ನಡುಗಿತು, ಕಣ್ಣು ಕತ್ತಲಿಟ್ಟಿತು, ಮಾತು ತೊದಲಿತು. ಸುಸ್ತಾಗಿದೆ ಎಂದುಕೊಂಡು ಆ ಹುಡುಗ ಫ್ಯಾನ್ ಹಾಕಿ ಮಲಗಿಸಿದ. ಅಡುಗೆಮನೆಯಿಂದ ಬಂದ ಹೆಂಡತಿಗೆ ಅನುಮಾನ ಬಂದು ಸಕ್ಕರೆ ನೀರು ಕುಡಿಸಿದ್ದರಿಂದ ಬಚಾವಾದರು. ಹುಡುಗ ಕೆಟ್ಟವನಲ್ಲ. ‘ಯಾವ ಮಾತ್ರೆ ತಗೋತೀರಿ ಸಾರ್?’ ಎಂದು ಕೇಳಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ.

ಕೇಳುವುದು ಈ ವೃತ್ತಿಯ ಮೊದಲ ಪಾಠ. ಕೆನಡಾದಲ್ಲಿ 1970ರ ದಶಕದಲ್ಲಿ ಹುಟ್ಟಿ ಆಮೇಲೆ ತಿದ್ದುಪಡಿಗಳನ್ನು ಕಂಡ ಏಳು ಪ್ರಶ್ನೆಗಳ ನಮೂನೆಯೊಂದಿದೆ. ‘ಪಾರ್-ಕ್ಯೂ’ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಅದು ಬಳಕೆಯಲ್ಲಿದೆ. ಹೃದಯದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ, ಎದೆ ನೋವು ಬರುತ್ತದೆಯೇ, ತಲೆ ಸುತ್ತಿ ಬಿದ್ದದ್ದುಂಟೇ, ಮೂಳೆ ಕೀಲುಗಳ ತೊಂದರೆ ಇದೆಯೇ, ಯಾವ ಔಷಧಿ ನಡೆಯುತ್ತಿದೆ, ಹೀಗೆ ಸಾಮಾನ್ಯ ಪ್ರಶ್ನೆಗಳು. ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ಮುಂದೆ ಹೋಗುವ ಮೊದಲು ಇನ್ನಷ್ಟು ವಿಚಾರಿಸಬೇಕು, ವೈದ್ಯರ ಅಭಿಪ್ರಾಯ ತರಿಸಬೇಕು. ಇದಕ್ಕೆ ಬೇಕಾದ್ದು ಒಂದು ಹಾಳೆ, ಹತ್ತು ನಿಮಿಷ. ಅಷ್ಟು ತಾಳ್ಮೆ ಇಲ್ಲದವನು ಎಂಥ ಭುಜಬಲವಿದ್ದರೂ ಇನ್ನೊಬ್ಬರ ಮೈ ಮುಟ್ಟಬಾರದು.

ಕೇಳಿ ಬರೆದುಕೊಂಡರೆ ಸಾಲದು, ಉತ್ತರದ ಅರ್ಥವೂ ತಿಳಿದಿರಬೇಕು. ಬಿ.ಪಿ.ಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ಓಡಿಸಿದರೂ ಹೆಚ್ಚು ಏರುವುದಿಲ್ಲ. 220ರಿಂದ ವಯಸ್ಸು ಕಳೆದು, ‘ಇನ್ನೂ ನಾಡಿ ಏರಿಲ್ಲ, ಜೋರಾಗಿ ಓಡಿ’ ಎನ್ನುವ ಲೆಕ್ಕ ಅಲ್ಲಿ ನಡೆಯದು. ಅದಕ್ಕಿಂತ ಮಾತಿನ ಪರೀಕ್ಷೆ ವಾಸಿ: ವ್ಯಾಯಾಮದ ನಡುವೆ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅದು ಮಧ್ಯಮ ತರಗತಿಯ ಶ್ರಮ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಮೇಲೇರುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾದವರಿಗೆ ಇದರಿಂದ ಕಣ್ಣೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ಮೂಳೆ ಟೊಳ್ಳಾದ ವೃದ್ಧೆಗೆ ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟಿಸುವುದು ಬೇಡ. ಆದರೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿಸಿದರೆ ತೊಡೆಗೆ ಬಲ ಬರುತ್ತದೆ, ಬಚ್ಚಲಲ್ಲಿ ಬೀಳುವುದು ತಪ್ಪುತ್ತದೆ. ಮೊದಲ ದಿನವೇ ಇನ್ನೂರು ಬಸ್ಕಿ ಹೊಡೆಸಿ ಶಿಷ್ಯನಿಂದ ಭೇಷ್ ಅನ್ನಿಸಿಕೊಳ್ಳುವ ಗುರುಗಳಿದ್ದಾರೆ. ಮರುದಿನ ಮೆಟ್ಟಿಲು ಇಳಿಯಲಾಗದಿದ್ದರೆ ಅದನ್ನೇ ಸಾಧನೆ ಎನ್ನುತ್ತಾರೆ. ಅಭ್ಯಾಸವಿಲ್ಲದವರಲ್ಲಿ ಸ್ನಾಯು ಒಡೆದು ಮೂತ್ರ ಕಂದುಬಣ್ಣಕ್ಕೆ ತಿರುಗಿ ಮೂತ್ರಪಿಂಡಕ್ಕೆ ಪೆಟ್ಟಾಗುವುದುಂಟು. ಆಗ ಆಸ್ಪತ್ರೆಗೇ ಓಡಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡ ನಾಡೇ ಕಂಗೆಟ್ಟಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ಪರೀಕ್ಷೆಗೆ ಜನ ಸಾಲುಗಟ್ಟಿದರು. ಜಿಮ್ ಎಂದರೆ ಹೆದರುವಂತಾಯಿತು. ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯವನ್ನು ಕಾಪಾಡುತ್ತದೆ, ಆ ಮಾತು ಬದಲಾಗಿಲ್ಲ. ರೂಢಿಯಿಲ್ಲದವರು ಒಮ್ಮೆಲೇ ಅತಿ ಶ್ರಮಪಟ್ಟರೆ ಆ ಹೊತ್ತಿನಲ್ಲಿ ಅಪಾಯ ಹೆಚ್ಚುವುದೂ ಅಷ್ಟೇ ನಿಜ. ಟ್ರೈನರ್ ಆಗುವವರು ಈ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ವ್ಯಾಯಾಮದ ನಡುವೆ ಎದೆ ಹಿಂಡಿದಂತಾದರೆ, ಎಡಗೈ ಅಥವಾ ದವಡೆ ಸೆಳೆದರೆ, ತಣ್ಣನೆ ಬೆವರಿದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ಕು’. ಸೋಡಾ ಕುಡಿಸಿ ಕಾಯುತ್ತಾರೆ. ಕಾಯದೆ 108ಕ್ಕೆ ಫೋನ್ ಮಾಡುವವನೇ ತಿಳಿದವನು. ವ್ಯಕ್ತಿ ಕುಸಿದು ಬಿದ್ದು, ಕೂಗಿದರೂ ಓಗೊಡದೆ, ಉಸಿರಾಟ ಸರಿಯಾಗಿಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಇದನ್ನು ಓದಿ ಕಲಿಯಲಾಗದು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಗೊಂಬೆಯ ಎದೆಯನ್ನು ಕೈ ಸೋಲುವಷ್ಟು ಒತ್ತಿ ಕಲಿತು ಬರಬೇಕು. ದೊಡ್ಡ ಜಿಮ್‌ನಲ್ಲಾದರೆ ನೆರವಿಗೆ ನಾಲ್ಕು ಜನರಿರುತ್ತಾರೆ. ಮನೆಗೆ ಹೋಗಿ ಕಲಿಸುವವನು ಒಬ್ಬನೇ.

ವೈದ್ಯರಿಗೆ, ನರ್ಸುಗಳಿಗೆ ಇರುವಂಥ ಕಾನೂನುಬದ್ಧ ನೋಂದಣಿ ಮಂಡಳಿ ನಮ್ಮಲ್ಲಿ ಟ್ರೈನರ್‌ಗಳಿಗೆ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗೆಂದು ಕಲಿಯುವ ದಾರಿಗಳಿಲ್ಲ ಎಂದಲ್ಲ. ಕ್ರೀಡೆ ಹಾಗೂ ದೈಹಿಕ ಶಿಕ್ಷಣಕ್ಕೆ ಸಂಬಂಧಿಸಿದ ಕೌಶಲ ಮಂಡಳಿ ಫಿಟ್‌ನೆಸ್ ಟ್ರೈನರ್ ಕೆಲಸಕ್ಕೆ ಮಟ್ಟ ಗೊತ್ತುಪಡಿಸಿದೆ. ವಿದೇಶಿ ಸಂಸ್ಥೆಗಳ ಪರೀಕ್ಷೆಗಳನ್ನು ಇಲ್ಲಿಂದಲೇ ಬರೆಯಬಹುದು. ಎರಡು ದಿನದ ಶಿಬಿರ, ಕೊನೆಗೆ ಗ್ರೂಪ್ ಫೋಟೊ, ಬಣ್ಣದ ಪ್ರಮಾಣಪತ್ರ, ಇಂಥವಕ್ಕೆ ದುಡ್ಡು ಸುರಿಯಬೇಡಿ. ಸರ್ಟಿಫಿಕೇಟ್ ಯಾವುದೇ ಇರಲಿ, ಅದಾದ ಮೇಲೆ ಆರು ತಿಂಗಳಾದರೂ ಅನುಭವಿಗಳೊಬ್ಬರ ಕೈಕೆಳಗೆ ನಿಂತು ನೋಡಬೇಕು. ಗರಡಿಮನೆಯಲ್ಲಿ ಇದ್ದ ಪದ್ಧತಿಯೂ ಇದೇ. ಮಟ್ಟಿ ಅಗೆದು ಹದ ಮಾಡಿದವನಿಗೇ ಪಟ್ಟು ಹೇಳಿಕೊಡುತ್ತಿದ್ದರು.

ಆಮೇಲೆ ಶುರುಮಾಡುವಾಗ ಎರಡು ಮನೆ ಸಾಕು. ಮೊದಲ ಶಿಷ್ಯನಾಗಿ ಸಿಡಿಮಿಡಿಗುಟ್ಟುವ ಆ ತಂದೆಯನ್ನೇ ಹಿಡಿದರೆ ಒಳ್ಳೆಯದು. ಸ್ವಂತ ಅಪ್ಪನಿಂದ ಬಿ.ಪಿ. ಎಷ್ಟಿದೆ, ಯಾವ ಮಾತ್ರೆ ಎಂಬ ಉತ್ತರ ಹೊರಡಿಸಬಲ್ಲವನು ಊರಿನವರಿಂದಲೂ ಹೊರಡಿಸಬಲ್ಲ!

ಈಗಿರುವ ನೌಕರಿ ಬಿಡಬೇಡ ಎಂದು ಆ ಹುಡುಗನಿಗೆ ಒತ್ತಿ ಹೇಳುತ್ತೇನೆ. ತಿಂಗಳ ಸಂಬಳದ ಭದ್ರತೆ ಒಂದು ಕಾರಣ ನಿಜ. ಅದಕ್ಕಿಂತ ಮುಖ್ಯವಾದದ್ದು, ಸಂಬಳ ಇರುವವನಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯವಿರುತ್ತದೆ. ‘ಮಗಳ ಮದುವೆಗೆ ಒಂದು ತಿಂಗಳಿದೆ, ಹದಿನೈದು ಕೆ.ಜಿ. ಇಳಿಸಿಕೊಡಿ’ ಎಂದು ಬರುವವರಿಗೆ ಆಗುವುದಿಲ್ಲ ಎನ್ನಬೇಕು. ಡಾಕ್ಟರ ಬಳಿ ಹೋಗಲು ಒಪ್ಪದ, ಎದೆನೋವಿರುವ ಶ್ರೀಮಂತರಿಗೂ ಅದೇ ಉತ್ತರ. ಬಾಡಿಗೆ, ಕಂತು, ಹೆಂಡತಿ ಮಕ್ಕಳ ಖರ್ಚು ಎಲ್ಲವೂ ಈ ಗಿರಾಕಿಗಳ ಮೇಲೆಯೇ ನಿಂತಿದ್ದರೆ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಪೂರ್ಣಾವಧಿ ಟ್ರೈನರ್‌ಗಳಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ, ಅವರ ಕಷ್ಟ ನನಗೆ ತಿಳಿದಿದೆ. ಆದರೂ ಹೊಸಬರಿಗೆ ಬಿಡುವಿನ ವೇಳೆಯ ಕೆಲಸವೇ ಕ್ಷೇಮ.

‘ಆಗುವುದಿಲ್ಲ’ ಎನ್ನಲೇಬೇಕಾದ ಇನ್ನೊಂದು ಜಾಗ ಡಬ್ಬಿಗಳದು. ಪ್ರೋಟೀನ್ ಪುಡಿಯ ಡಬ್ಬಿ ಮಾರಿದರೆ ಟ್ರೈನರ್‌ಗೆ ಕಮಿಷನ್ ಸಿಗುವುದು ಗುಟ್ಟೇನಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟಿಗಾಗಿ ಇಂಥ ಪುಡಿಗಳನ್ನು ಬಳಸದಿರುವಂತೆ ಸಲಹೆ ನೀಡಲಾಗಿದೆ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಸ್ವಲ್ಪ ಹೆಚ್ಚು ಬೇಕಾದೀತು. ಹುರುಳಿ ಸಾರು, ಹೆಸರುಕಾಳು ಉಸಲಿ, ಮೊಸರು, ಕಡಲೆಕಾಯಿ, ತಿನ್ನುವವರಿಗೆ ಮೊಟ್ಟೆ ಮೀನು ಇರುವ ಮನೆಯಲ್ಲಿ ಅದು ಹೊಂದದ ಲೆಕ್ಕವೇನಲ್ಲ. ಪುಡಿಯಿಂದ ಮುಂದಿನ ಮೆಟ್ಟಿಲು ಸ್ಟೆರಾಯ್ಡ್ ಸೂಜಿ. ಮೂರು ತಿಂಗಳಲ್ಲಿ ತೋಳು ಉಬ್ಬುತ್ತದೆ. ಜೊತೆಗೆ ವೃಷಣ ಕುಗ್ಗಿ ಸಂತಾನಶಕ್ತಿ ಕುಂದುತ್ತದೆ, ಯಕೃತ್ತು ಕೆಡುತ್ತದೆ, ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುತ್ತದೆ. ವೈದ್ಯನಲ್ಲದವನು ಇನ್ನೊಬ್ಬರಿಗೆ ಸೂಜಿ ಹಾಕುವುದು ಅಪರಾಧ. ಹದಿನೆಂಟರ ಹುಡುಗರ ಗುಂಪಿನಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ.

ಇನ್ನು ಸಣ್ಣಪುಟ್ಟ ವಿಷಯಗಳು. ಹೆಣ್ಣುಮಕ್ಕಳಿಗೆ ಕಲಿಸುವಾಗ ಭಂಗಿ ತಿದ್ದಲು ಮೈ ಮುಟ್ಟುವ ಮೊದಲು ಕೇಳಬೇಕು. ಬಾಗಿಲು ತೆರೆದಿರಲಿ, ಮನೆಯವರು ಇರುವ ಹೊತ್ತೇ ಆಗಲಿ. ಹುಡುಗಿಯರು ಟ್ರೈನರ್ ಆಗಿ ಅಪರಿಚಿತರ ಮನೆಗೆ ಹೋಗುವುದಾದರೂ ಇದೇ ನಿಯಮ. ಮಹಿಳಾ ತರಬೇತುದಾರರಿಗೆ ಬೇಡಿಕೆ ಬಹಳ, ಇರುವವರು ಕಡಿಮೆ. ಹೆಣ್ಣುಮಕ್ಕಳ ತಂದೆತಾಯಿಗಳು ಈ ಪತ್ರಕ್ಕೆ ಬರೆದ ಉತ್ತರವನ್ನು ತಮಗೂ ಬರೆದದ್ದೆಂದೇ ತಿಳಿಯಬಹುದು. ಸರ್ಕಾರಿ ನೌಕರಿಯಲ್ಲಿರುವವರು ಸಂಬಳದ ಹೊರಗಿನ ಇಂಥ ದುಡಿಮೆಗೆ ಇಳಿಯುವ ಮೊದಲು ಇಲಾಖೆಯ ಅನುಮತಿ ಪಡೆಯಬೇಕು. ಫೀಸು, ರಜೆ, ತಪ್ಪಿದ ದಿನದ ಲೆಕ್ಕ ಇವೆಲ್ಲ ಮೊದಲೇ ಬರವಣಿಗೆಯಲ್ಲಿರಲಿ. ಇಲ್ಲದಿದ್ದರೆ ನೆರೆಹೊರೆಯ ಸ್ನೇಹವೇ ಕೆಡುತ್ತದೆ. ಬೆಳಗಿನ ನಾಲ್ಕೂವರೆಗೆ ಎದ್ದು ರಾತ್ರಿ ಹತ್ತಕ್ಕೆ ಮನೆ ಸೇರುವ ಹುಡುಗ ವಾರಕ್ಕೆ ಒಂದು ದಿನವಾದರೂ ಯಾರಿಗೂ ಪಾಠ ಹೇಳದೆ ನಿದ್ದೆ ಮಾಡಬೇಕು. ಪ್ರತಿ ಮನೆಯಲ್ಲೂ ಶಿಷ್ಯರ ಜೊತೆ ತಾನೂ ದಂಡ ಹೊಡೆಯುತ್ತಾ ಹೋದರೆ ತಿಂಗಳೊಳಗೆ ಅವನ ಭುಜವೇ ಹಿಡಿದುಕೊಳ್ಳುತ್ತದೆ.

ಮನೆಗೆ ಟ್ರೈನರ್‌ನನ್ನು ಕರೆಸಬೇಕೆಂದಿರುವ ಓದುಗರಿಗೂ ಒಂದು ಮಾತು. ಮೊದಲ ದಿನ ಬಂದವರು ನಿಮ್ಮ ಮಾತ್ರೆಯ ಪಟ್ಟಿ ಕೇಳಿದರೆ, ಬಿ.ಪಿ. ನೋಡಿಸಿದ್ದು ಯಾವಾಗ ಎಂದು ವಿಚಾರಿಸಿದರೆ, ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದುಕೊಂಡರೆ ಬೇಸರಪಡಬೇಡಿ. ‘ಇದೆಲ್ಲ ಯಾಕಪ್ಪಾ, ಶುರುಮಾಡು’ ಎಂದು ಅವಸರಪಡಿಸಬೇಡಿ. ಕಾಫಿ ಕೊಟ್ಟು ಕೂರಿಸಿ, ಕಳೆದ ಬಾರಿಯ ರಕ್ತಪರೀಕ್ಷೆಯ ಚೀಟಿಯನ್ನು ಹುಡುಕಿ ತಂದು ತೋರಿಸಿ.