ಬೆಕ್ಕಿನ ಉಗುರಿಗೂ ಸಂಸ್ಕೃತದ ಕವಚವೇ?

ಕನ್ನಡದ ತರುಣರೇ,

ಚನ್ನಪಟ್ಟಣದ ನಮ್ಮ ಪ್ರೆಸ್ಸಿಗೆ ಈಚೆಗೆ ಒಂದು ಕರಪತ್ರ ಅಚ್ಚಿಗೆ ಬಂತು. ಚಿರತೆ ಕಾಟವಿರುವ ಹಳ್ಳಿಗಳಲ್ಲಿ ಹಂಚಲು. ಕೊಟ್ಟವರು ಯಾರೆಂದು ಹೇಳುವುದಿಲ್ಲ, ಗಿರಾಕಿಯ ಮಾನ ಕಾಯುವುದೂ ನನ್ನ ಕಸುಬೇ. ಮೊದಲ ಸಾಲು ಹೀಗಿತ್ತು: ‘ಚಿರತೆಯು ಆಕುಂಚನಶೀಲ ನಖಗಳುಳ್ಳ ಮಾರ್ಜಾಲ ಕುಲದ ಪ್ರಾಣಿ.’ ಡಿಟಿಪಿ ಮಾಡುವ ಹುಡುಗಿ ಎರಡು ಸಲ ಓದಿ, ‘ಸಾರ್, ಇದು ಕನ್ನಡಾನಾ?’ ಅಂದಳು. ಪಿಯುಸಿವರೆಗೆ ಓದಿದ ನನಗೂ ತಿಳಿಯಲಿಲ್ಲ. ಜೊತೆಗಿದ್ದ ಇಂಗ್ಲಿಷ್ ಪ್ರತಿ ನೋಡಿದೆ. ‘ರಿಟ್ರಾಕ್ಟೈಲ್’ ಅಂತಿತ್ತು.

ಏನಿದು ರಿಟ್ರಾಕ್ಟೈಲ್? ಲ್ಯಾಟಿನ್ನಿನ ‘ಹಿಂದಕ್ಕೆ ಎಳೆ’ ಎಂಬ ಮಾತಿನಿಂದ ಬಂದದ್ದು, ಅಷ್ಟೆ. ಅದರ ಅಣ್ಣ ‘ರಿಟ್ರಾಕ್ಟಬಲ್’ ಅನ್ನು ಇಂಗ್ಲಿಷರು ಬೆಕ್ಕಿನ ಉಗುರಿಗೂ ಹೇಳುತ್ತಾರೆ, ನಿಮ್ಮ ಜೇಬಿನ ಟಿಕ್ ಟಿಕ್ ಪೆನ್ನಿಗೂ ಹೇಳುತ್ತಾರೆ, ವಿಮಾನದ ಚಕ್ರಕ್ಕೂ ಹೇಳುತ್ತಾರೆ. ಅವರಿಗೆ ಒಂದೇ ಬಳಕೆಯ ಮಾತು ಎಲ್ಲಕ್ಕೂ ಸಾಕು. ನಮ್ಮ ರೈತನಿಗೆ ಮಾತ್ರ ನಖ, ಆಕುಂಚನ!

ತಮಾಷೆಯೆಂದರೆ, ಆ ಇಂಗ್ಲಿಷ್ ಪದವೇ ಅರ್ಧ ಸುಳ್ಳು. ಬೆಕ್ಕು ಸುಮ್ಮನಿರುವಾಗ ಉಗುರು ತಾನಾಗಿ ಒಳಗಿರುತ್ತದೆ. ಸ್ಪ್ರಿಂಗಿನಂಥ ನಾರೊಂದು ಬೆರಳ ತುದಿಮೂಳೆಯನ್ನು ಹಿಂದಕ್ಕೆ ಮಡಿಸಿ ಹಿಡಿದಿರುತ್ತದೆ. ಬೇಟೆ ಹಿಡಿಯುವಾಗ, ಮರ ಹತ್ತುವಾಗ ಸ್ನಾಯು ಬಿಗಿದು ಉಗುರು ಹೊರಗೆ ಬರುತ್ತದೆ. ಅಂದರೆ ಬೆಕ್ಕು ಬಲ ಹಾಕಿ ಮಾಡುವ ಕೆಲಸ ಚಾಚುವುದು, ಎಳೆದುಕೊಳ್ಳುವುದಲ್ಲ. ಹಾಗಿದ್ದರೆ ನಾವು ‘ಚಾಚುಗುರು’ ಎನ್ನೋಣ. ಊರುವ ಕೋಲು ಊರುಗೋಲು, ಕಡೆಯುವ ಕೋಲು ಕಡೆಗೋಲು, ಸಿಡಿಯುವ ಮದ್ದು ಸಿಡಿಮದ್ದು. ಚಾಚುವ ಉಗುರು ಚಾಚುಗುರು ಆಗಬಾರದೇ? ಇಂಗ್ಲಿಷಿಗಿಂತ ನಮ್ಮದೇ ನಿಜಕ್ಕೆ ಹತ್ತಿರ.

ಇದು ಬರೀ ಪದದ ಜಗಳವಲ್ಲ, ಜೀವದ ಪ್ರಶ್ನೆ. 2020ರ ಮೇ ತಿಂಗಳಲ್ಲಿ ಪಕ್ಕದ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಪುಟ್ಟ ಮಗುವನ್ನು ಕೊಂದಿತು. ರಾಗಿ ಹೊಲದ ತೇವದಲ್ಲಿ ಹೆಜ್ಜೆ ಕಂಡವನಿಗೆ ಬೇಕಾದ ವಿದ್ಯೆ ಒಂದೇ: ಬೆರಳ ಮುಂದೆ ಉಗುರು ಊರಿದ ಗುರುತಿದ್ದರೆ ಸಾಮಾನ್ಯವಾಗಿ ಅದು ನಾಯಿ. ಬೆರಳು ದುಂಡಗೆ ಮೂಡಿ ಉಗುರಿನ ಗುರುತಿಲ್ಲದಿದ್ದರೆ, ಹೆಜ್ಜೆಯೂ ದೊಡ್ಡದಿದ್ದರೆ, ಚಿರತೆಯಿರಬಹುದು. ಅದು ನಡೆಯುವಾಗ ಉಗುರನ್ನು ಒಳಗಿಟ್ಟುಕೊಂಡಿರುತ್ತದೆ. ರಾಮನಗರದ ಬಂಡೆಗಳ ಕರಡಿಗೆ ಆ ಸೌಕರ್ಯವಿಲ್ಲ, ಅದರ ಉದ್ದನೆಯ ಉಗುರು ಸದಾ ಹೊರಗೆ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಕುನೋ ಕಾಡಿಗೆ ತಂದ ಚೀತಾ ಬೆಕ್ಕಿನ ಬಳಗವೇ ಆದರೂ ಅದರ ಉಗುರು ಪೂರ್ತಿ ಮರೆಯಾಗದು.

ಇಷ್ಟನ್ನು ಹೇಳಲು ಯಾವ ನಖ ಬೇಕಾಯಿತು? ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದು ಕನ್ನಡದಲ್ಲಿ ವಿಜ್ಞಾನ ಹೇಳಿದರು.

ಗಿರಾಕಿಗೆ ಫೋನ್ ಮಾಡಿ ಸಾಲು ಬದಲಿಸಲೇ ಎಂದು ಕೇಳಿದೆ. ‘ಹಳ್ಳಿ ಭಾಷೆ ಆಗ್ಬಿಡುತ್ತೆ’ ಅಂದರು. ಸ್ವಾಮಿ, ಹಂಚುವುದು ಹಳ್ಳಿಯಲ್ಲೇ ತಾನೇ? ಕೊನೆಗೆ ಒಪ್ಪಿದರು, ಬರೀ ‘ಉಗುರು’ ಮಟ್ಟಿಗೆ. ‘ಮಾರ್ಜಾಲ’ ಹಾಗೇ ಉಳಿಯಿತು.

ನಿಮ್ಮ ತಮ್ಮ ತಂಗಿಯರ ವಿಜ್ಞಾನದ ಪುಸ್ತಕ ತೆರೆದು ನೋಡಿ. ಇಂಥ ಪದಗಳು ಸಿಕ್ಕಿದರೆ ಪುಟದ ಸಂಖ್ಯೆಯೊಡನೆ ಬರೆದು ಈ ಪತ್ರಿಕೆಗೆ ಕಳಿಸಿ, ಜೊತೆಗೆ ನಿಮ್ಮ ಅಜ್ಜಿ ಅದಕ್ಕೆ ಏನೆನ್ನುತ್ತಾರೆಂದೂ ಕೇಳಿ ಬರೆಯಿರಿ.