ಅಲೌ ಒತ್ತದೆ ಇನ್ನೇನು ಒತ್ತಬೇಕಿತ್ತು ಸ್ವಾಮಿ?

ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಒಂದು ಮಾತು ಸದಾ ಸಿದ್ಧ: "ಜನಕ್ಕೆ ಬುದ್ಧಿ ಇಲ್ಲ, ಏನು ಕೇಳಿದ್ರೂ ಅಲೌ ಒತ್ತಿಬಿಡ್ತಾರೆ." ನಾನೂ ಇಂಜಿನಿಯರಿಂಗ್ ಓದಿ ಇದೇ ಕೆಲಸದಲ್ಲಿ ಅನ್ನ ತಿನ್ನುವವನು. ಆದರೂ ಈ ಮಾತು ಕೇಳಿದರೆ ಮೈ ಉರಿಯುತ್ತೆ.

ಚಾಮರಾಜಪೇಟೆಯಲ್ಲೋ, ಗಾಂಧಿಬಜಾರಿನ ಅಡ್ಡರಸ್ತೆಯಲ್ಲೋ, ಮಲ್ಲೇಶ್ವರದ ಸಂಪಿಗೆ ರಸ್ತೆ ಹತ್ತಿರವೋ ಇರುವ ಒಂದು ಡಿಟಿಪಿ-ಜೆರಾಕ್ಸ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಮೂರು ಕಂಪ್ಯೂಟರು, ಒಂದು ಪ್ರಿಂಟರು. ಒಂದು ಕಡೆ ನುಡಿಯಲ್ಲಿ ಲಗ್ನಪತ್ರಿಕೆ ಟೈಪಾಗುತ್ತಿದೆ. ಇನ್ನೊಂದು ಕಡೆ ಆಧಾರ್ ಕಾರ್ಡು, ಸೇಲ್ ಡೀಡು ಹಿಡಿದು ನಾಲ್ಕು ಜನ ನಿಂತಿದ್ದಾರೆ. ಅಷ್ಟರಲ್ಲಿ ಪ್ರಿಂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ, ವಿಂಡೋಸ್ ಫೈರ್‌ವಾಲ್ ಇಂಗ್ಲಿಷಿನಲ್ಲಿ ಕೇಳುತ್ತೆ: ಈ ಪ್ರೋಗ್ರಾಮಿನ ಕೆಲವು ಫೀಚರ್ ತಡೆದಿದ್ದೇನೆ, ಪ್ರೈವೇಟ್ ನೆಟ್‌ವರ್ಕಿನಲ್ಲಿ ಬಿಡಲೋ, ಪಬ್ಲಿಕ್ಕಿನಲ್ಲೋ? ಪ್ರಿಂಟ್ ಬರದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾರೆ ಅನ್ನೋದಷ್ಟೇ ಅಂಗಡಿಯವರಿಗೆ ಗೊತ್ತು. ಅಲೌ ಒತ್ತದೆ ಇನ್ನೇನು ಒತ್ತಬೇಕಿತ್ತು?

ಆ ಪ್ರಶ್ನೆಯ ಒಳಗೇನಿದೆ ನೋಡಿ. ಪೋರ್ಟ್ ಅಂದರೆ ಕಂಪ್ಯೂಟರಿನ ನಂಬರು ಹಾಕಿದ ಬಾಗಿಲು. ನೆಟ್‌ವರ್ಕ್ ಪ್ರಿಂಟರಿಗೆ ಪುಟ ಕಳಿಸುವಾಗ ನಮ್ಮ ಕಂಪ್ಯೂಟರೇ ಹೋಗಿ ಪ್ರಿಂಟರಿನ 9100 ಅಥವಾ 631ನೇ ಬಾಗಿಲು ತಟ್ಟುತ್ತೆ. ಅಪ್‌ಡೇಟ್ ತರುವಾಗ ಸಾಮಾನ್ಯವಾಗಿ ಕಂಪನಿಯ ಸರ್ವರಿನ 443. ಹೀಗೆ ಹೊರಗೆ ಹೋಗುವುದನ್ನು ವಿಂಡೋಸ್ ಫೈರ್‌ವಾಲ್ ಮಾಮೂಲಾಗಿ ತಡೆಯುವುದೇ ಇಲ್ಲ! ಅದು ಕೇಳುತ್ತಿರುವುದು ಬೇರೆ: ಹೊರಗಿನವರು ಬಂದು ತಟ್ಟಿದರೆ ಈ ಪ್ರೋಗ್ರಾಂ ಬಾಗಿಲು ತೆಗೆಯಬಹುದಾ? ಸ್ಕ್ಯಾನ್ ಮಾಡಿದ್ದು ಕಂಪ್ಯೂಟರಿಗೆ ಬಂದು ಬೀಳಲು ಅದು ಬೇಕಾಗಬಹುದು. ಬರೀ ಪ್ರಿಂಟಿಗೆ ಸಾಮಾನ್ಯವಾಗಿ ಬೇಡ. ಹೊಸ ಆವೃತ್ತಿ ಬೇರೆ ಫೋಲ್ಡರಿನಲ್ಲಿ ಕೂತರಂತೂ ಫೈರ್‌ವಾಲಿಗೆ ಅದು ಅಪರಿಚಿತ, ಮತ್ತೆ ಅದೇ ಪ್ರಶ್ನೆ. ನಾಲ್ಕು ಸಲ ಆದಮೇಲೆ ರಿಪೇರಿ ಹುಡುಗ ಬಂದು ಫೈರ್‌ವಾಲನ್ನೇ ಆಫ್ ಮಾಡಿ ಹೋಗ್ತಾನೆ.

ಬಾಗಿಲು ತೆರೆದಿದ್ದರೆ ಏನಾಗುತ್ತೆ ಅಂತ 2017ರ ಮೇ ತಿಂಗಳಲ್ಲಿ ನೋಡಿದ್ದೇವೆ. ವಾನ್ನಾಕ್ರೈ ಹರಡಿದ್ದು 445ರ ಮೂಲಕ, ವಿಂಡೋಸಿನಲ್ಲಿ ಫೈಲು-ಪ್ರಿಂಟರ್ ಹಂಚಿಕೊಳ್ಳುವ ಬಾಗಿಲು ಅದೇ. ಪ್ಯಾಚ್ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕದವರದ್ದೇ ತಪ್ಪು ಅಂತ ಬೈದೆವು. ಸರಿ, ಜನ ಅಪ್‌ಡೇಟ್ ಅಂದರೆ ಯಾಕೆ ಹೆದರುತ್ತಾರೆ? 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಇಂಕ್‌ಜೆಟ್ ಪ್ರಿಂಟರುಗಳು ಫರ್ಮ್‌ವೇರ್ ದೆಸೆಯಿಂದ ಬೇರೆಯವರ ಕಾರ್ಟ್ರಿಡ್ಜನ್ನು ಒಲ್ಲೆ ಅಂದವು. ಅದಕ್ಕಿಟ್ಟ ಹೆಸರು 'ಡೈನಾಮಿಕ್ ಸೆಕ್ಯುರಿಟಿ'! 2021ರ ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನುವ ದೋಷಕ್ಕೆ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಬಿಟ್ಟಿತು, ಕೆಲವು ಪ್ರಿಂಟರುಗಳು ಅದರಿಂದಲೇ ಕೈಕೊಟ್ಟವು. ಸುರಕ್ಷತೆ ಹೆಸರಿನಲ್ಲಿ ಸಂಪಾದನೆಗೇ ಕಲ್ಲು ಬಿದ್ದರೆ ಸುರಕ್ಷತೆಯನ್ನು ಯಾರು ನಂಬ್ತಾರೆ?

ಕನ್ನಡಕ್ಕೆ ಅನುವಾದಿಸಿದರೆ ಸಾಕು ಅಂತೀರಾ? ವಿಂಡೋಸಿಗೆ ಕನ್ನಡದ ಭಾಷಾ ಪ್ಯಾಕ್ ಇದೆ. ಇಂಗ್ಲಿಷಿನಲ್ಲೇ ಅರ್ಥವಾಗದ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಏನು ಬಂತು? ಹೀಗೆ ಕೇಳಲಿ: "ನಿಮ್ಮ ಪ್ರಿಂಟರಿನ ಸಾಫ್ಟ್‌ವೇರ್ ಇತರ ಯಂತ್ರಗಳನ್ನು ಈ ಕಂಪ್ಯೂಟರಿಗೆ ಬಿಡಲು ಕೇಳುತ್ತಿದೆ. ಬೇಡ ಅಂದರೂ ಪ್ರಿಂಟ್ ಬರುತ್ತದೆ. ಸ್ಕ್ಯಾನ್ ಬಾರದಿರಬಹುದು. ಗಿರಾಕಿಗಳೂ ಬಳಸುವ ವೈಫೈ ಆದರೆ ಬೇಡ ಅನ್ನಿ." ಯಾವ ಬಾಗಿಲು ಯಾಕೆ ಬೇಕು ಅಂತ ಪ್ರಿಂಟರ್ ಕಂಪನಿಗೆ ಚೆನ್ನಾಗಿ ಗೊತ್ತು. ಇಷ್ಟನ್ನು ಹೇಳದೆ, ಅನಾಹುತವಾದರೆ "ನೀವೇ ಅಲೌ ಒತ್ತಿದ್ದು" ಅನ್ನುವುದು ಎಚ್ಚರಿಕೆಯಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯ. ಆ ಅಂಗಡಿಯ ಸ್ಕ್ಯಾನ್ ಫೋಲ್ಡರಿನಲ್ಲಿ ಇಡೀ ಬಡಾವಣೆಯ ಆಧಾರ್, ಪ್ಯಾನು, ಮನೆಪತ್ರ ಬಿದ್ದಿರುತ್ತೆ, ನೆನಪಿರಲಿ.

ಬ್ಲಾಗಿಗ ಗೆಳೆಯರೇ, ಮುಂದಿನ ಸಲ ಪ್ರಿಂಟ್ ತೆಗೆಸಲು ಹೋದಾಗ ಫೈರ್‌ವಾಲ್ ಆನ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಉಪದೇಶ ಬೇಡ. ಅವರ ಒಪ್ಪಿಗೆ ಪಡೆದು ಆನ್ ಮಾಡಿ, ಪ್ರಿಂಟೂ ಸ್ಕ್ಯಾನೂ ಬರುತ್ತಾ ನೋಡಿಕೊಟ್ಟು ಬನ್ನಿ, ಹತ್ತು ನಿಮಿಷದ ಕೆಲಸ. ನಿಮ್ಮಲ್ಲಿ ಯಾರಾದರೂ ಇನ್‌ಸ್ಟಾಲರ್ ಬರೆಯುವವರಿದ್ದರೆ, ಅದರಲ್ಲಿನ ಪ್ರಶ್ನೆಯನ್ನು ಒಮ್ಮೆ ನಿಮ್ಮ ಅಮ್ಮನ ಮುಂದೆ ಓದಿ. ಅವರು "ಹಾಗಂದ್ರೆ ಏನೋ?" ಅಂದರೆ ತಿದ್ದಬೇಕಾದ್ದು ಯಾರನ್ನು ಅಂತ ಗೊತ್ತಾಗುತ್ತೆ.